ಪಗಾರದಿಂದ ಕಡಿತವಾಗುವ 135 ರೂಪಾಯಿ: ಇಎಸ್‌ಐ ಕಾರ್ಡಿನ ವಿಮರ್ಶೆ

ಬೆಳಗಾವಿಯ ಉದ್ಯಮಬಾಗಿನ ಒಂದು ಎರಕದ ಕಾರ್ಖಾನೆಯಲ್ಲಿ ನಾನು ಹನ್ನೊಂದು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ತಿಂಗಳು ತಿಂಗಳು ಮೂವತ್ತೆಂಟು ಜನರ ಪಗಾರದ ಪಟ್ಟಿ ತಯಾರಿಸುವವನೂ ನಾನೇ, ಇಎಸ್‌ಐ (ನೌಕರರ ರಾಜ್ಯ ವಿಮೆ, ಅಂದರೆ ಕಾರ್ಖಾನೆಯಂಥ ಕಡೆ ದುಡಿಯುವವರಿಗೆ ಸರ್ಕಾರದ ಕಡ್ಡಾಯ ವಿಮೆ) ಎಂಬ ಕಾಲಮ್ಮಿನಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಮೊತ್ತ ಬರೆದು ಕಡಿತ ಮಾಡುವವನೂ ನಾನೇ, ಅದೇ ಪಟ್ಟಿಯ ಇಪ್ಪತ್ತೆರಡನೆಯ ಸಾಲಿನಲ್ಲಿ 135 ರೂಪಾಯಿ ಕಳೆದುಕೊಳ್ಳುವವನೂ ನಾನೇ. ಹೋಟೆಲಿನ ದೋಸೆಗೂ ಮೊಬೈಲಿನ ಬ್ಯಾಟರಿಗೂ ವಿಮರ್ಶೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಬೇಡವೆಂದರೂ ಕೊಳ್ಳಲೇಬೇಕಾದ ಸರಕಿನ ಬಗ್ಗೆ ಮಾತ್ರ, ಅದನ್ನು ಬಿಟ್ಟು ಬೇರೆಯದನ್ನು ಆರಿಸುವ ದಾರಿಯೇ ಇಲ್ಲವೆಂದೋ ಏನೋ, ಯಾರೂ ಬರೆಯುವ ಗೋಜಿಗೆ ಹೋಗುವುದಿಲ್ಲ. ಸರ್ಕಾರವು ಆರೋಗ್ಯ ವಿಮೆಯನ್ನು ಕಡ್ಡಾಯ ಮಾಡಬೇಕೆ ಬೇಡವೆ ಎಂದು ಈಗ ಎಲ್ಲೆಡೆ ವಾದ ನಡೆಯುತ್ತಿರುವಾಗ, ಅಂಥ ಒಂದು ವಿಮೆಯನ್ನು ಕಡಿತ ಮಾಡುವವನಾಗಿಯೂ ಬಳಸುವವನಾಗಿಯೂ ಕಂಡವನೊಬ್ಬನ ಅನುಭವ ಕೆಲವರಿಗಾದರೂ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಬೆಲೆಯ ಮಾತು. ನನ್ನ ಪಗಾರ 18,000 ರೂಪಾಯಿ. ಅದರಲ್ಲಿ ಶೇಕಡಾ 0.75, ಅಂದರೆ 135 ರೂಪಾಯಿ ನನ್ನ ಪಾಲು, ಶೇಕಡಾ 3.25, ಅಂದರೆ 585 ರೂಪಾಯಿ ಮಾಲಕರ ಪಾಲು. ಎರಡೂ ಸೇರಿ 720 ರೂಪಾಯಿಯನ್ನು ಮುಂದಿನ ತಿಂಗಳ 15ನೇ ತಾರೀಖಿನೊಳಗೆ ನಾನು ತುಂಬಬೇಕು. 2019ರ ಜುಲೈಗೆ ಮೊದಲು ಈ ದರಗಳು ಶೇಕಡಾ 1.75 ಮತ್ತು 4.75 ಇದ್ದವು, ಇಳಿಸಿದ ತಿಂಗಳು ನಮ್ಮ ಕಾರ್ಖಾನೆಯಲ್ಲಿ ಇಷ್ಟೇಕೆ ಕಡಿಮೆ ಕಡಿತವಾಗಿದೆ, ತಪ್ಪಾಗಿಲ್ಲ ತಾನೆ ಎಂದು ಕೇಳಿಕೊಂಡು ಬಂದವರು ಇಬ್ಬರೇ ಇಬ್ಬರು. ಹೆಚ್ಚು ಕಡಿತವಾಗಿದ್ದರೆ ನನ್ನ ಮೇಜಿನ ಮುಂದೆ ಪಾಳಿ ಹಚ್ಚುತ್ತಿದ್ದರು.

ಈ 720 ರೂಪಾಯಿಗೆ ಸಿಗುವುದೇನು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಗೊತ್ತಿದ್ದರೂ ಪುಕ್ಕಟೆ ಗುಳಿಗೆ ಎಂಬಷ್ಟೇ ಗೊತ್ತು. ನೌಕರ, ಹೆಂಡತಿ, ಮಕ್ಕಳು, ತಿಂಗಳಿಗೆ 9,000 ರೂಪಾಯಿ ಮೀರದ ಆದಾಯವುಳ್ಳ ಅವಲಂಬಿತ ತಂದೆ ತಾಯಿ, ಇಷ್ಟು ಜನಕ್ಕೆ ಹೊರರೋಗಿ ಚಿಕಿತ್ಸೆಯಿಂದ ಹಿಡಿದು ಶಸ್ತ್ರಚಿಕಿತ್ಸೆಯವರೆಗೆ ಖರ್ಚಿನ ಗರಿಷ್ಠ ಮಿತಿಯಿಲ್ಲದೆ ವೈದ್ಯಕೀಯ ಸೇವೆ ದೊರೆಯಬೇಕು. ಅದರ ಜೊತೆಗೆ, ಬೇರೆ ಯಾವ ಆರೋಗ್ಯ ಕಾರ್ಡಿನಲ್ಲೂ ಸಾಮಾನ್ಯವಾಗಿ ಇರದ ಇನ್ನೊಂದು ಸೌಲಭ್ಯ ಇದರಲ್ಲಿದೆ: ದುಡಿಯಲಾಗದ ದಿನಗಳಿಗೆ ನಗದು. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ ವಂತಿಗೆ ಕಟ್ಟಿದವನು ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಪಗಾರದ ಶೇಕಡಾ 70ರಷ್ಟು ಹಣ ಬರುತ್ತದೆ. ನಿಗದಿಪಡಿಸಿದ ದೀರ್ಘಕಾಲದ ರೋಗಗಳಾದರೆ ಶೇಕಡಾ 80ರಂತೆ ಎರಡು ವರ್ಷದವರೆಗೂ ಉಂಟು. ಹೆರಿಗೆಗೆ 26 ವಾರ ಪೂರ್ಣ ಪಗಾರ. ಕೆಲಸದ ಮೇಲೆ ಪೆಟ್ಟಾದರೆ ಶೇಕಡಾ 90. ಅದಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತೂ ಇಲ್ಲ. ನನ್ನ ಸೊಂಟದ ಡಿಸ್ಕ್ ಜಾರಿ ಮೂರು ವಾರ ಮಲಗಿದಾಗ ನಾನೂ ಈ ಹಣ ಪಡೆದಿದ್ದೇನೆ. ಮೊದಲ ಎರಡು ದಿನಕ್ಕೆ ಹಣವಿಲ್ಲ ಎಂಬ ನಿಯಮವನ್ನು ಇತರರಿಗೆ ಹತ್ತಾರು ಸಲ ವಿವರಿಸಿದ್ದ ನನಗೆ, ಅದು ನನ್ನ ಮೇಲೆಯೇ ಬಂದಾಗ ಅನ್ಯಾಯವೆನಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಆದರೂ ಈ ಕಡಿತಕ್ಕೆ ವಿರೋಧವಿದೆ, ಮತ್ತು ಅದು ಬರುವುದು ವಯಸ್ಸಿನ ಹುಡುಗರಿಂದ. ಐಟಿಐ ಮುಗಿಸಿ ಬಂದ ಹುಡುಗನೊಬ್ಬ ಮೊದಲ ಪಗಾರದ ಚೀಟಿ ಹಿಡಿದುಕೊಂಡು ಬಂದು, "ನನಗೇನ್ ಜಡ್ಡಿಲ್ಲ ಜಾಪತ್ರಿಲ್ಲ ಸರ್, ಆ ರೊಕ್ಕ ನನ್ನ ಕೈಯಾಗ ಕೊಟ್ಟಬಿಡ್ರಿ" ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅವನು ದುಡಿದ ಹಣ, ಅವನನ್ನು ಕೇಳದೆಯೇ ಕಡಿತವಾಗಿದೆ. ಇದೇ ಮಾತನ್ನು ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನವರೆಗೆ ಒಯ್ದವರಿದ್ದಾರೆ. ಅಲ್ಲಿ ಒಬಾಮಾ ಸರ್ಕಾರ 2010ರಲ್ಲಿ ತಂದ ಕಾನೂನು, ವಿಮೆ ಮಾಡಿಸದವರು ದಂಡ ತೆರಬೇಕೆಂದು ಹೇಳಿತ್ತು. 2012ರಲ್ಲಿ ನ್ಯಾಯಾಲಯವು ಐದು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ಆ ದಂಡವನ್ನು ತೆರಿಗೆಯೆಂದು ಪರಿಗಣಿಸಿ ಎತ್ತಿಹಿಡಿಯಿತು. 2019ರಿಂದ ದಂಡದ ಮೊತ್ತವನ್ನೇ ಸೊನ್ನೆಗೆ ಇಳಿಸಿದರು. ಅದಕ್ಕೂ ಬಹಳ ಹಿಂದೆ, 1883ರಲ್ಲಿಯೇ, ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾರ್ಮಿಕರ ಕಾಯಿಲೆ ವಿಮೆಯನ್ನು ಕಡ್ಡಾಯ ಮಾಡಿದ್ದ. ನಮ್ಮಲ್ಲಿ ಪ್ರೊಫೆಸರ್ ಅಡಾರ್ಕರ್ ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ 1944ರಲ್ಲಿ ಕೊಟ್ಟ ವರದಿಯ ಆಧಾರದ ಮೇಲೆ 1948ರಲ್ಲಿ ಕಾಯ್ದೆಯಾಗಿ, 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ನೆಹರೂ ಚಾಲನೆ ಕೊಟ್ಟ ಯೋಜನೆಯೇ ಈ ಇಎಸ್‌ಐ. ಕಡ್ಡಾಯ ವಿಮೆ ಬೇಕೋ ಬೇಡವೋ ಎಂದು ಇಂದು ಹೊಸದಾಗಿ ಚರ್ಚಿಸುವವರು, ದೇಶದ ಕಾರ್ಖಾನೆಗಳಲ್ಲಿ ಅದು ಎಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿರುವುದನ್ನು ಗಮನಿಸಿದಂತೆ ಕಾಣುವುದಿಲ್ಲ.

ಆ ಹುಡುಗನಿಗೆ ನಾನು ಕಾನೂನು ಹೇಳಲಿಲ್ಲ, ಲೆಕ್ಕ ಹೇಳಿದೆ. ಇದನ್ನು ಅವರವರ ಇಷ್ಟಕ್ಕೆ ಬಿಟ್ಟರೆ ಮೂವತ್ತೆಂಟು ಜನರಲ್ಲಿ ಸೇರುವವರು ಯಾರು? ಸಕ್ಕರೆ ಕಾಯಿಲೆಯವರು, ಬಸುರಿ ಹೆಂಡತಿಯಿರುವವರು, ಮನೆಯಲ್ಲಿ ವಯಸ್ಸಾದ ತಾಯಿಯಿರುವ ನನ್ನಂಥವರು. ಬರೀ ಖರ್ಚಿನವರೇ ಸೇರಿದ ಚೀಟಿಯ ಗುಂಪಿನಲ್ಲಿ ಪ್ರತಿಯೊಬ್ಬನೂ ಮೊದಲ ತಿಂಗಳೇ ಚೀಟಿ ಎತ್ತಿದರೆ ಆ ಗುಂಪು ಎಷ್ಟು ದಿನ ನಡೆದೀತು? ಅವನು ಒಪ್ಪಿದನೆಂದು ಹೇಳಲಾರೆ. ಪಗಾರದ ಚೀಟಿ ಮಡಚಿ ಕಿಸೆಯಲ್ಲಿಟ್ಟುಕೊಂಡು ಹೋದ.

ಎರಡು ವರ್ಷದ ನಂತರ ನಮ್ಮಲ್ಲಿ ಒಂದು ಅಪಘಾತವಾಯಿತು. 1,400 ಡಿಗ್ರಿಯ ಆಸುಪಾಸಿನಲ್ಲಿ ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿಯುವಾಗ ಮರಳಿನಲ್ಲಿ ತೇವ ಉಳಿದಿದ್ದರಿಂದ ಲೋಹ ಸಿಡಿದು, ಸುರಿಯುತ್ತಿದ್ದವನ ಎಡಗಾಲ ಪಾದ ಬೆಂದಿತು. ಚರ್ಮದ ಕಸಿ ಆಗಬೇಕಾಯಿತು. ಎಪ್ಪತ್ತಮೂರು ದಿನ ಅವನು ಕೆಲಸಕ್ಕೆ ಬರಲಿಲ್ಲ. ಆಸ್ಪತ್ರೆಯ ಬಿಲ್ಲು ಅವನ ಮನೆಗೆ ಬರಲಿಲ್ಲ, ಪಗಾರದ ಶೇಕಡಾ 90 ಅವನ ಬ್ಯಾಂಕ್ ಖಾತೆಗೆ ಬಂತು. ಇಷ್ಟನ್ನು ನಾನು ಯಾವ ಅಳುಕೂ ಇಲ್ಲದೆ ಹೊಗಳುತ್ತೇನೆ. ಪೆಟ್ಟು, ಸುಟ್ಟಗಾಯ, ಮುರಿದ ಮೂಳೆ ಇಂಥ ಕಣ್ಣಿಗೆ ಕಾಣುವ ಸಂಗತಿಗಳಲ್ಲಿ ಈ ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಾಣದ ಕಾಯಿಲೆಗಳಲ್ಲಿ ಹಾಗಲ್ಲ. ಎರಕದ ಮರಳಿನ ಸಿಲಿಕಾ ಧೂಳು ಪುಪ್ಪುಸಕ್ಕೆ ಇಳಿದು ಬರುವ ಸಿಲಿಕೋಸಿಸ್ ಕಾಯಿಲೆಯನ್ನು ಕಾಯ್ದೆಯ ಮೂರನೆಯ ಅನುಸೂಚಿಯು ಔದ್ಯೋಗಿಕ ರೋಗವೆಂದೇ ಗುರುತಿಸಿದೆ. ಅದು ಕೆಲಸದ ಮೇಲೆ ಆದ ಪೆಟ್ಟಿಗೆ ಸಮ. ಆದರೆ ಇಪ್ಪತ್ತು ವರ್ಷ ಮರಳು ಜಾಲಿಸಿದವನು ದವಾಖಾನೆಗೆ ಹೋಗಿ ಕೆಮ್ಮು ಎಂದರೆ ಕೆಮ್ಮಿನ ಔಷಧ ಕೊಟ್ಟು ಕಳಿಸುತ್ತಾರೆ. ನೀನು ಏನು ಕೆಲಸ ಮಾಡುತ್ತೀ ಎಂದು ಅಲ್ಲಿ ಯಾರಾದರೂ ಕೇಳಿದ್ದನ್ನು ನಮ್ಮವರು ಯಾರೂ ನನಗೆ ಹೇಳಿಲ್ಲ.

ಇನ್ನು ನನ್ನ ತಾಯಿಯ ವಿಷಯ. ಈ ವಿಮರ್ಶೆಯ ಮುಕ್ಕಾಲು ಪಾಲು ಬರಬೇಕಾದದ್ದು ಅಲ್ಲಿಂದಲೇ.

ಅವ್ವನಿಗೆ ಹದಿನಾರು ವರ್ಷದಿಂದ ಸಕ್ಕರೆ ಕಾಯಿಲೆ. ಮೊದಲ ಕೆಲವು ವರ್ಷ ಅವಳ ಗುಳಿಗೆಗಳನ್ನು ನಮ್ಮ ಭಾಗದ ಇಎಸ್‌ಐ ದವಾಖಾನೆಯಿಂದ ತರುತ್ತಿದ್ದೆ. ಅಲ್ಲಿನ ವೈದ್ಯರು ಒಳ್ಳೆಯವರು, ಅವಸರವಿಲ್ಲದೆ ಮಾತನಾಡಿಸುತ್ತಿದ್ದರು. ತೊಂದರೆಯಿದ್ದದ್ದು ಔಷಧದ ಕಿಟಕಿಯಲ್ಲಿ. ಚೀಟಿಯಲ್ಲಿ ನಾಲ್ಕು ಬರೆದರೆ ಎರಡು ಸಿಗುತ್ತಿದ್ದವು, ಇನ್ಸುಲಿನ್ ಒಂದು ತಿಂಗಳು ಇದ್ದರೆ ಎರಡು ತಿಂಗಳು ಇರುತ್ತಿರಲಿಲ್ಲ. ಹೊರಗೆ ಕೊಂಡು ಬಿಲ್ಲು ಸಲ್ಲಿಸಿದರೆ ಹಣ ಮರಳಿ ಕೊಡುವ ನಿಯಮವೇನೋ ಇದೆ. ಆ ಅರ್ಜಿಗೆ ಬೇಕಾದ ಸಹಿಗಳನ್ನು ಸಂಗ್ರಹಿಸಲು ಅರ್ಧ ದಿನದ ರಜೆ ಹಾಕಬೇಕು, ನನ್ನ ಅರ್ಧ ದಿನದ ಪಗಾರ ಆ ಇನ್ಸುಲಿನ್ನಿನ ಬೆಲೆಗಿಂತ ಹೆಚ್ಚು. ಲೆಕ್ಕದವನಾದ ನಾನು ಮೂರನೆಯ ಸಲಕ್ಕೆ ಅರ್ಜಿ ಹಾಕುವುದನ್ನೇ ಬಿಟ್ಟೆ. ನನ್ನಂತೆ ಬಿಟ್ಟವರು ಎಷ್ಟು ಜನರೋ, ಅಷ್ಟೂ ಜನರ ಹಣ ಯೋಜನೆಯ ಉಳಿತಾಯವಾಗಿ ಯಾವುದೋ ವರದಿಯಲ್ಲಿ ಕುಳಿತಿರುತ್ತದೆ.

ಮೂತ್ರಪಿಂಡ ಕೈಕೊಟ್ಟು ವಾರಕ್ಕೆ ಎರಡು ಸಲ ಡಯಾಲಿಸಿಸ್ ಬೇಕೆಂದಾಗ ಇಎಸ್‌ಐ ಜೊತೆ ಒಪ್ಪಂದವಿರುವ ಒಂದು ಖಾಸಗಿ ಆಸ್ಪತ್ರೆಗೆ ರೆಫರಲ್ ಪತ್ರ ಸಿಕ್ಕಿತು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಏಕೆಂದರೆ ಅವ್ವ ಇನ್ನೂ ಅಲ್ಲಿಯೇ ಮಲಗುತ್ತಾಳೆ. ಮೊದಲ ದಿನ ಪ್ರವೇಶದ ಕೌಂಟರಿನಲ್ಲಿ ಪತ್ರ ಕೊಟ್ಟೆ. "ನಗದೋ, ಕಂಪನಿ ವಿಮೆಯೋ?" ಎಂದು ಕೇಳಿದರು. ಇಎಸ್‌ಐ ಎಂದೊಡನೆ, ಎದುರಿಗಿದ್ದ ಕುರ್ಚಿಯಿಂದ ಎಬ್ಬಿಸಿ ಪಕ್ಕದ ಬಾಂಕಿನ ಮೇಲೆ ಕೂಡಲು ಹೇಳಿದರು. ಯಂತ್ರ ಖಾಲಿಯಿಲ್ಲ, ನಾಳೆ ಬನ್ನಿರಿ. ಮರುದಿನವೂ ಖಾಲಿಯಿರಲಿಲ್ಲ. ನಮ್ಮ ನಂತರ ಬಂದ, ಖಾಸಗಿ ಕಂಪನಿಯ ವಿಮೆಯಿದ್ದ ಒಬ್ಬರಿಗೆ ಮಾತ್ರ ಅದೇ ಮಧ್ಯಾಹ್ನ ಯಂತ್ರ ಖಾಲಿಯಾಯಿತು. ಸಿಟ್ಟಿನಿಂದ ಒಳಗೆ ಹೋಗಿ ಕೇಳಿದಾಗ ಆಡಳಿತದ ಹುದ್ದೆಯಲ್ಲಿದ್ದವರೊಬ್ಬರು ಬಾಗಿಲು ಮುಂದೆ ಮಾಡಿಕೊಂಡು ನಿಜ ಹೇಳಿದರು: ಇಎಸ್‌ಐ ಕೊಡುವ ದರ ಕಡಿಮೆ, ಬಿಲ್ಲಿನ ಹಣ ಕೈಗೆ ಬರಲು ತಿಂಗಳುಗಟ್ಟಲೆ ಕಾಯಬೇಕು, ಹೀಗಾಗಿ ದಿನಕ್ಕೆ ಇಷ್ಟೇ ಇಎಸ್‌ಐ ರೋಗಿಗಳು ಎಂದು ಒಳಗೊಳಗೆ ಮಿತಿ ಹಾಕಿಕೊಂಡಿದ್ದಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ದೇವರು ಪೂಜಾರಿಯ ಸಂಬಳವನ್ನೇ ಬಾಕಿ ಉಳಿಸಿಕೊಂಡಿದ್ದ.

ನಾಲ್ಕನೆಯ ದಿನ ಜಾಗ ಸಿಕ್ಕಿತು. ಆಮೇಲೆ ಇಂದಿನವರೆಗೆ ಡಯಾಲಿಸಿಸ್‌ಗೆಂದು ನಾನು ಒಂದು ರೂಪಾಯಿ ಕೊಟ್ಟಿಲ್ಲ, ಅಲ್ಲಿಯ ನರ್ಸುಗಳ ಆರೈಕೆಯಲ್ಲಿ ಹೆಸರಿಡುವಂಥದ್ದು ಏನೂ ಇಲ್ಲ. ರೆಫರಲ್ ಪತ್ರಕ್ಕೆ ಮಾತ್ರ ಅವಧಿಯಿದೆ. ಮುಗಿಯುವ ಮೊದಲು ಮತ್ತೆ ಹೋಗಿ, ಕಾಗದ ತೋರಿಸಿ, ಹೊಸದು ಬರೆಸಿಕೊಂಡು ಬರಬೇಕು. ಕೆಟ್ಟ ಮೂತ್ರಪಿಂಡ ಒಂದು ತಿಂಗಳಲ್ಲಿ ತಾನಾಗಿ ಸರಿಹೋಗಿದ್ದೀತೆಂಬ ಆಶಾವಾದ ಇದರ ಹಿಂದೆ ಇರಬೇಕು.

ಕಡ್ಡಾಯ ವಿಮೆಯ ವಿರುದ್ಧ ಸಾಮಾನ್ಯವಾಗಿ ಕೇಳಿಬರುವ ದೂರು, ಅದು ಮನುಷ್ಯನ ಸ್ವಾತಂತ್ರ್ಯವನ್ನು ಕಸಿಯುತ್ತದೆ ಎಂಬುದು. ನನ್ನ ದೂರು ಅದಲ್ಲ. 135 ರೂಪಾಯಿ ಕಡಿತವಾಗದಿದ್ದರೆ ಅದನ್ನು ನಾನಾಗಿಯೇ ಎತ್ತಿಟ್ಟು ಅವ್ವನ ಮೂತ್ರಪಿಂಡಕ್ಕೆಂದು ಕೂಡಿಡುತ್ತಿದ್ದೆ ಎಂಬ ಭ್ರಮೆ ನನಗಿಲ್ಲ. ನನ್ನ ದೂರು ಏನೆಂದರೆ ಈ ಕಡ್ಡಾಯ ಒಂದೇ ಕಡೆಯದು. ನಾನು ಕಟ್ಟುವುದು ಕಡ್ಡಾಯ, 15ನೇ ತಾರೀಖು ಒಂದು ದಿನ ದಾಟಿದರೂ ಮಾಲಕರು ಬಡ್ಡಿ ತೆರುವುದು ಕಡ್ಡಾಯ. ದವಾಖಾನೆಯಲ್ಲಿ ಇನ್ಸುಲಿನ್ ಇರುವುದು, ಒಪ್ಪಂದದ ಆಸ್ಪತ್ರೆ ಯಂತ್ರ ಕೊಡುವುದು, ಆ ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಹಣ ಸಂದಾಯವಾಗುವುದು ಮಾತ್ರ ಸಾಧ್ಯವಾದಾಗ. ತಡವಾದ ಪ್ರತಿ ದಿನಕ್ಕೆ ನಮ್ಮಿಂದ ಬಡ್ಡಿ ಎಣಿಸಿಕೊಳ್ಳುವ ವ್ಯವಸ್ಥೆ, ಅವ್ವ ಬಾಂಕಿನ ಮೇಲೆ ಕೂತ ಮೂರು ದಿನಕ್ಕೆ ಏನು ಎಣಿಸಿತು?

ಕಡ್ಡಾಯದ ಬೇಲಿಯಲ್ಲಿ ಇನ್ನೊಂದು ಕಂಡಿ ಇದೆ, ಅದನ್ನು ಲೆಕ್ಕದವರೆಲ್ಲ ಬಲ್ಲರು. ಹತ್ತು ಜನ ಕೆಲಸಗಾರರಿದ್ದ ಕಡೆ ಇಎಸ್‌ಐ ಅನ್ವಯಿಸುತ್ತದೆಯಾದ್ದರಿಂದ, ಹದಿನೈದು ಜನ ದುಡಿಯುವ ಎಷ್ಟೋ ಸಣ್ಣ ವರ್ಕ್‌ಶಾಪುಗಳ ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರುಗಳಿರುತ್ತವೆ. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗದಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು, ಸರ್ಕಾರ ಅಧಿಸೂಚಿಸುವ ಅಪಾಯಕಾರಿ ಉದ್ಯೋಗಗಳಲ್ಲಿ ಒಬ್ಬನೇ ಕೆಲಸಗಾರನಿದ್ದರೂ ಇಎಸ್‌ಐ ಅನ್ವಯಿಸಬಹುದೆಂದು ಹೇಳುತ್ತದೆ. ಹಾಗಾದರೆ ಆ ಆರು ಜನ ಪುಸ್ತಕದೊಳಗೆ ಬಂದಾರು. ಇನ್ನೊಂದು ತುದಿಯಲ್ಲಿ ತಿಂಗಳ ಪಗಾರಕ್ಕೆ 21,000 ರೂಪಾಯಿಯ ಮಿತಿಯಿದೆ, ಅದನ್ನು ದಾಟಿದವರು ಯೋಜನೆಯ ಹೊರಗೆ; 2017ರ ಜನವರಿಯಲ್ಲಿ ನಿಗದಿಯಾದ ಅಂಕಿ ಅದು. ನಮ್ಮ ಸೂಪರ್‌ವೈಸರರ ಪಗಾರ 22,000ಕ್ಕೆ ಏರಿದಾಗ ಇಡೀ ಕಾರ್ಖಾನೆಗೆ ಪೇಢೆ ಹಂಚಿದರು. ಆ ವಂತಿಗೆ ಅವಧಿ ಮುಗಿದ ಮೇಲೆ ಅವರ ಕಡಿತ ನಿಂತಿತು, ಅದರ ಹಿಂದೆಯೇ ಕಾರ್ಡೂ ನಿಂತಿತು. ಹೆಂಡತಿಗೆ ರಕ್ತದೊತ್ತಡವಿದ್ದುದರಿಂದ ಖಾಸಗಿ ಪಾಲಿಸಿ ಕೊಳ್ಳಲು ಹೋದರೆ, ಮೊದಲೇ ಇರುವ ಕಾಯಿಲೆಗೆ ಮೂರು ವರ್ಷ ಕಾಯಬೇಕೆಂದರು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇಕಡಾ 18ರ ಜಿಎಸ್‌ಟಿ ತೆಗೆದದ್ದೊಂದೇ ಅವರಿಗೆ ಸಿಕ್ಕ ಸಮಾಧಾನ. ಬಡ್ತಿಯಿಂದ ಬಡವಾದವರು ಎಂದು ಅವರನ್ನು ಈಗಲೂ ಚಾಷ್ಟಿ ಮಾಡುತ್ತೇವೆ.

ಹೋಲಿಕೆಗೆಂದು ಬೇರೆ ಎರಡು ಕಾರ್ಡುಗಳ ಮಾತನ್ನು ಚುಟುಕಾಗಿ ಹೇಳುತ್ತೇನೆ. ಬೈಲಹೊಂಗಲ ತಾಲ್ಲೂಕಿನಲ್ಲಿರುವ ನನ್ನ ಸೋದರಮಾವನಿಗೆ ಬಿಪಿಎಲ್ ಕಾರ್ಡಿದೆ. 2018ರಲ್ಲಿ ಒಂದಾದ ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಆಯಾ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ ಶೇಕಡಾ 30 ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ. ಮಾವನಿಗೆ ಎದೆನೋವು ಬಂದಾಗ ತುರ್ತು ಸ್ಥಿತಿಯಾದ್ದರಿಂದ ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆಯೇ ಬೆಳಗಾವಿಗೆ ಕರೆತಂದೆವು, ಹಣ ಕೊಡದೆಯೇ ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಮರಳಿದ. ಕಂತು ಕಟ್ಟದ ಕಾರ್ಡು ಅಷ್ಟು ಕೊಟ್ಟಿತು. ಆದರೆ ಅಂದಿನಿಂದ ಜೀವನಪರ್ಯಂತ ನುಂಗಬೇಕಾದ ಗುಳಿಗೆಗಳನ್ನು ಅವನು ಊರಿನ ಔಷಧ ಅಂಗಡಿಯಲ್ಲಿ ಕೊಳ್ಳುತ್ತಾನೆ, ಮತ್ತು ಮಲಗಿದ ಎರಡು ತಿಂಗಳ ಕೂಲಿಯನ್ನು ಅವನಿಗೆ ಯಾರೂ ಕೊಡಲಿಲ್ಲ. ಎರಡನೆಯದು ಯಶಸ್ವಿನಿ. ಅದು ಸಹಕಾರ ಸಂಘಗಳ ಸದಸ್ಯರಿಗಿರುವ ಕಾರ್ಡು, ಸೇರುವುದು ಬಿಡುವುದು ಅವರವರ ಇಷ್ಟ; 2003ರಲ್ಲಿ ವರ್ಷಕ್ಕೆ 60 ರೂಪಾಯಿಗೆ ಶುರುವಾದದ್ದು, 2018ರಲ್ಲಿ ನಿಂತು, 2022ರ ಕೊನೆಯಲ್ಲಿ ಮತ್ತೆ ನೋಂದಣಿ ಆರಂಭಿಸಿದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ಇಟ್ಟರು. ಮಾವನ ಸಂಘದಲ್ಲಿ ಆ ವರ್ಷ ಸೇರಿದವರಲ್ಲಿ ಹೆಚ್ಚಿನವರು ಆಪರೇಷನ್ ಗೊತ್ತಾದ ಮೇಲೆ ಸೇರಿದವರು ಎಂದು ಅವನೇ ನಗುತ್ತ ಹೇಳಿದ. ಐಟಿಐ ಹುಡುಗನಿಗೆ ನಾನು ಹೇಳಿದ ಲೆಕ್ಕ ಇದೇ.

ವಿಮೆಯ ಕಾರ್ಡು ಹಂಚುವ ಬದಲು ಸರ್ಕಾರಿ ಆಸ್ಪತ್ರೆ ಕಟ್ಟಿರಿ ಎನ್ನುವ ಮೂರನೆಯ ಪಕ್ಷವೂ ಈ ವಾದದಲ್ಲಿದೆ. ಅವರ ಮಾತನ್ನು ತಳ್ಳಿಹಾಕಲಾಗದು. ಪಕ್ಕದ ವಿಜಯಪುರದಲ್ಲಿ 2025ರಲ್ಲಿ ಖಾಸಗಿ ಸಹಭಾಗಿತ್ವ ಬೇಡ, ಪೂರ್ಣ ಸರ್ಕಾರಿ ವೈದ್ಯಕೀಯ ಕಾಲೇಜೇ ಬೇಕೆಂದು ಜನ ತಿಂಗಳುಗಟ್ಟಲೆ ಧರಣಿ ಕೂತದ್ದನ್ನು ನೋಡಿದವರಿಗೆ, ಕಾರ್ಡಿನ ಹಿಂದೆ ಹಾಸಿಗೆ ಇರಬೇಕೆಂಬುದು ಜನಕ್ಕೆ ತಜ್ಞರಿಗಿಂತ ಮೊದಲೇ ಅರ್ಥವಾಗಿದೆ ಎಂಬುದು ಗೊತ್ತು. ಆದರೂ ಇಎಸ್‌ಐ ಈ ಎರಡೂ ಪಕ್ಷಗಳ ನಡುವೆ ನಿಂತಿರುವುದು ಅದರ ವಿಶೇಷ. ಅದಕ್ಕೆ ಸ್ವಂತ ದವಾಖಾನೆ, ಆಸ್ಪತ್ರೆಗಳೂ ಇವೆ, ಹೊರಗಿನ ಒಪ್ಪಂದಗಳೂ ಇವೆ. ಸ್ವಂತದ್ದು ಗಟ್ಟಿಯಿದ್ದಲ್ಲಿ ಮಾತ್ರ ಹೊರಗಿನವರು ಮರ್ಯಾದೆ ಕೊಡುತ್ತಾರೆ ಎಂಬುದು ಬಾಂಕಿನ ಮೇಲೆ ಕೂತು ನಾನು ಕಂಡುಕೊಂಡದ್ದು.

ಐದರಲ್ಲಿ ಎಷ್ಟು ಅಂಕ ಎಂದು ಕೇಳಿದರೆ ಪೆಟ್ಟು ಮತ್ತು ನಗದು ಪರಿಹಾರಕ್ಕೆ ನಾಲ್ಕೂವರೆ, ಔಷಧದ ಕಿಟಕಿಗೆ ಒಂದೂವರೆ, ಒಪ್ಪಂದದ ಆಸ್ಪತ್ರೆಯ ಕೌಂಟರಿಗೆ ಎರಡು. ಕಡಿತವಾಗುತ್ತಿರುವವರು ಮಾಡಬೇಕಾದ ಕೆಲವು ಕೆಲಸಗಳಿವೆ. ಪಗಾರದ ಚೀಟಿಯಲ್ಲಿ ಕಡಿತ ಕಂಡರೆ ಸಾಲದು, ನಿಮ್ಮ ವಿಮಾ ಸಂಖ್ಯೆಗೆ ಆ ಹಣ ಜಮೆಯಾಗಿದೆಯೇ ಎಂದು ಆನ್‌ಲೈನಿನಲ್ಲಿ ಆಗಾಗ ನೋಡಿರಿ. ಮದುವೆಯಾದ, ಮಗು ಹುಟ್ಟಿದ ಕೂಡಲೇ ಹೆಸರು ಸೇರಿಸಿರಿ. ಆಸ್ಪತ್ರೆಯ ಬಾಗಿಲಲ್ಲಿ ಸೇರಿಸಲು ಹೋದವರ ಗೋಳನ್ನು ನಾನು ಕಂಡಿದ್ದೇನೆ. ನಿವೃತ್ತಿಗೆ ಹತ್ತಿರವಿರುವವರು ಒಂದು ಸಂಗತಿ ನೆನಪಿಡಬೇಕು: ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಾವೂ ತಮ್ಮ ಸಂಗಾತಿಯೂ ವೈದ್ಯಕೀಯ ಸೇವೆ ಪಡೆಯುವುದನ್ನು ಮುಂದುವರಿಸಬಹುದು. ನಮ್ಮಲ್ಲಿ ಹೋದ ವರ್ಷ ನಿವೃತ್ತರಾದ ಮೂವರಲ್ಲಿ ಇಬ್ಬರಿಗೆ ಇದು ಗೊತ್ತಿರಲಿಲ್ಲ. ಅರ್ಜಿ ನಾನೇ ತುಂಬಿದೆ.

ಅವ್ವನ ರೆಫರಲ್ ಪತ್ರದ ಅವಧಿ ಬರುವ ಗುರುವಾರ ಮುಗಿಯುತ್ತದೆ. ಬುಧವಾರ ಪಗಾರವಿಲ್ಲದ ಅರ್ಧ ದಿನದ ರಜೆಗೆ ಬರೆದುಕೊಟ್ಟಿದ್ದೇನೆ. ಆ ತಿಂಗಳ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 135ರ ಬದಲು 133 ರೂಪಾಯಿ ಬೀಳುತ್ತದೆ.